ಬುಡದಿಂದ ಏಳು ಸಾಲು

ಮಾರ್ಚ್ 4, ಮಂಗಳವಾರ. ಸಂಜೆ 5.40

ಮೂರನೇ ಪುಟ ಅಚ್ಚಿಗೆ ಬಿಟ್ಟಾಯಿತು. ಹವಾಮಾನದ ಬಾಕ್ಸಿನಲ್ಲಿ ಮತ್ತೆ ನಿನ್ನೆಯದೇ ಕೂತಿತ್ತು. ಕಡೇ ಗಳಿಗೆಯಲ್ಲಿ ಕಣ್ಣಿಗೆ ಬಿತ್ತು, ಬದಲಿಸಿದೆ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕಾಪಿ ತಿದ್ದುವವನ ಕೆಲಸ ಉಪ್ಪಿನ ಹಾಗೆ... ಇದ್ದರೆ ಯಾರೂ ಮಾತಾಡುವುದಿಲ್ಲ, ಇಲ್ಲದಿದ್ದರೆ ಊರಿಗೆಲ್ಲ ಗೊತ್ತು.

ಟೀ ಬರುವಷ್ಟರಲ್ಲಿ ಹೊಸ ಸಂಪಾದಕ ಕರೆದ. ಹೊಸಬ ಅಂದರೆ ಬಂದು ಎರಡು ವರ್ಷ. ನನ್ನ ಮಗಳಿಗಿಂತ ಮೂರು ವರ್ಷ ದೊಡ್ಡವನು. "ಕೂತ್ಕೊಳ್ಳಿ ಸಾರ್" ಅಂದ. ಹಾಗಂದರೆ ತಲೆಗೆ ಏನೋ ಕಟ್ಟುತ್ತಾನೆ ಅಂತಲೇ ಅರ್ಥ.

"ಏಪ್ರಿಲ್ ಆರಕ್ಕೆ ಗುರುಗಳು ಹೋಗಿ ಒಂದ್ ವರ್ಷ. ಅವರ ನೂರು ಅಂಕಣ ಆರಿಸಿ ಪುಸ್ತಕ ತರೋಣ ಅಂತ. ನೀವೇ ಮಾಡ್ಬೇಕು."

"ನಾನ್ಯಾಕೆ?"

"ಅವರನ್ನ ನಿಮ್ಮಷ್ಟು ಓದಿರೋರು ಬೇರೆ ಯಾರಿದ್ದಾರೆ ಸಾರ್? ಇಪ್ಪತ್ತೆಂಟು ವರ್ಷ ವಾರವಾರ ಅವರ ಕಾಪಿ ನಿಮ್ ಕೈಯಿಂದಾನೇ ಅಲ್ವಾ ಹೋಗಿದ್ದು."

ಗುರುಗಳು! ಊರಿಗೆಲ್ಲ ಅವನು ಗುರುಗಳು. ಈ ಡೈರಿಯಲ್ಲಿ ಮಾತ್ರ ಮಹಾಶಯ. ಆರನೇ ಪುಟದ ಎಡಗಡೆ, ಪ್ರತಿ ಗುರುವಾರ, ಫೋಟೋ ಸಮೇತ. ಅವನ ಅಂಕಣಕ್ಕೆ ಎರಡು ಸರ್ಕಾರ ಬಿದ್ದವು ಅಂತಾರೆ. ಬಿದ್ದದ್ದು ಒಂದು. ಇನ್ನೊಂದು ತಾನಾಗೇ ಕಾಲು ಜಾರಿ ಬಿತ್ತು, ಕ್ರೆಡಿಟ್ಟು ಇವನಿಗೆ ಬಂತು. ಸತ್ತಾಗ ಮುಖಪುಟದಲ್ಲಿ ಎಂಟು ಕಾಲಂ. ಅದಕ್ಕೆ ತಲೆಬರಹ ಕೊಟ್ಟವನು ನಾನು.

ಪುಸ್ತಕದಲ್ಲೇ ಮುಗಿದಿದ್ದರೆ ಹೇಗೋ ಸಹಿಸುತ್ತಿದ್ದೆ. ಕೆಳಗೆ ಹೊಸ ಸಭಾಂಗಣ ಆಗಿದೆಯಲ್ಲ, ಅದಕ್ಕೂ ಅವನ ಹೆಸರಂತೆ. ಗೋಡೆಯ ಮೇಲೆ ಹಿತ್ತಾಳೆ ಅಕ್ಷರದಲ್ಲಿ 'ಆ' ವಾಕ್ಯ, ಕೆಳಗೆ ಅವನ ಹೆಸರು. ಸಂಪಾದಕ ಡಿಸೈನ್ ತೋರಿಸಿದ.

ಕುರ್ಚಿಗೆ ನಾಲ್ಕು ಕಾಲು, ಒಂದೂ ಕೂತವನದಲ್ಲ.

ಚೆನ್ನಾಗಿದೆ ಅಂದೆ. ಎದ್ದು ಬಂದೆ. ಟೀ ಆರಿ ಕೆನೆ ಕಟ್ಟಿತ್ತು, ಹಾಗೇ ಕುಡಿದೆ.

ಆ ವಾಕ್ಯ ನನ್ನದು.

ಮಾರ್ಚ್ 5, ಬುಧವಾರ. ಬೆಳಿಗ್ಗೆ 7

ನಿದ್ದೆ ಸರಿಯಾಗಲಿಲ್ಲ. ಎದೆಯುರಿ ಅಂತ ಇವಳು ಮಾತ್ರೆ ಕೊಟ್ಟಳು. ಉರಿಯುತ್ತಿದ್ದದ್ದು ಎದೆಯಲ್ಲ, ಹೊಟ್ಟೆ. ಅದಕ್ಕೆ ಯಾವ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ.

ಒಂದು ಸಲ ಸರಿಯಾಗಿ ಬರೆದಿಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ. ಬುಧವಾರ ಸಂಜೆ. ಮಹಾಶಯ ಯಾವುದೋ ಮಂತ್ರಿಯ ಬೆನ್ನು ಹತ್ತಿ ರೈಲಿನಲ್ಲಿದ್ದ. ಅವನ ಅಂಕಣ ಎರಡು ಸಾಲು ಕಡಿಮೆ ಬಂದಿತ್ತು. ಪುಟ ಕಟ್ಟುವವನು ಕೂಗಿದ — "ಕೆಳಗಡೆ ಖಾಲಿ ಹೊಡೀತಿದೆ, ಏನಾದ್ರೂ ಹಾಕಿ ಬೇಗ!" ನನ್ನ ಕುರ್ಚಿಯ ಒಂದು ಕಾಲು ಮೋಟು. ಅದರಡಿ ಹಳೇ ಪೇಪರು ಮಡಿಸಿ ಇಟ್ಟಿದ್ದೆ, ಅವತ್ತು ಯಾರೋ ಗುಡಿಸಿಕೊಂಡು ಹೋಗಿದ್ದರು. ಕೂತರೆ ಓಲಾಡುತ್ತಿತ್ತು. ಓಲಾಡುತ್ತಲೇ ಟೈಪ್ ಮಾಡಿ ಕೊಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಶುಕ್ರವಾರ ವಿರೋಧ ಪಕ್ಷದ ನಾಯಕ ಸದನದಲ್ಲಿ ಓದಿದ. ಸೋಮವಾರ ಮಂತ್ರಿ ರಾಜೀನಾಮೆ. ತಿಂಗಳೊಳಗೆ ಗೋಡೆ ಗೋಡೆಯ ಮೇಲೆ, ಟೀಶರ್ಟಿನ ಮೇಲೆ, ಕಾಫಿ ಮಗ್ಗಿನ ಮೇಲೆ. ಮೂರು ವರ್ಷ ಕಳೆದು ಮಗಳ ಒಂಬತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಗೂ ಬಂತು: ಈ ಮಾತನ್ನು ಯಾರು ಹೇಳಿದರು? ಮಗು 'ನಮ್ಮ ಅಪ್ಪ' ಅಂತ ಬರೆದು ಬಂದಳು. ಸೊನ್ನೆ. ಇಡೀ ಕ್ಲಾಸು ನಕ್ಕಿತಂತೆ. ಮನೆಗೆ ಬಂದು ಕೇಳಿದಳು, "ಅಪ್ಪಾ, ನೀನು ಸುಳ್ಳು ಹೇಳಿದ್ಯಾ?"

ಅವತ್ತಿನಿಂದ ಆ ವಿಷಯ ಮನೆಯಲ್ಲಿ ಎತ್ತಿಲ್ಲ. ಆಫೀಸಿನಲ್ಲಿ ಒಮ್ಮೆ ಎತ್ತಿದ್ದೆ. ಊಟದ ಹೊತ್ತು. ಎಲ್ಲರೂ ಜೋಕು ಅಂದುಕೊಂಡರು.

ಮಹಾಶಯನೋ... ರೈಲಿಳಿದು ಬಂದವನು ನನ್ನ ಟೇಬಲ್ ಪಕ್ಕ ನಿಂತ. "ಬಾಲ ಚೆನ್ನಾಗಿ ಅಂಟಿಸಿದ್ದೀರಿ" ಅಂದ. ನಕ್ಕ. ಹೋದ. ಅಷ್ಟೇ. ಆಮೇಲೆ ಅವನ ಕಾಪಿ ಒಂದು ದಿನವೂ ಕಡಿಮೆ ಬರಲಿಲ್ಲ. ಪ್ರತಿ ವಾರ ಏಳು ಸಾಲು ಹೆಚ್ಚು, ಲೆಕ್ಕ ಹಾಕಿ ಕೊಟ್ಟಂತೆ. ನಾನೂ ಪ್ರತಿ ವಾರ ಬುಡದಿಂದ ಏಳು ಸಾಲು ಕತ್ತರಿಸಿದೆ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ ಇರುತ್ತದೆ, ಜಾಗ ಸಾಲದಿದ್ದರೆ ಬುಡದಿಂದ ಕತ್ತರಿಸು — ಡೆಸ್ಕಿಗೆ ಸೇರಿದ ಮೊದಲ ದಿನ ಕಲಿಸುವ ಪಾಠ. ಅಂಕಣಕ್ಕೆ ಅದು ಅನ್ವಯಿಸುವುದಿಲ್ಲ, ಗೊತ್ತು. ಅವನಿಗೆ ಅನ್ವಯಿಸಿದೆ. ಕಡೇ ಪ್ಯಾರಾಕ್ಕೆ ಪೆನ್ನಿನಲ್ಲಿ ಒಂದು ಅಡ್ಡಗೆರೆ. ಓದಿ ಕತ್ತರಿಸಲು ನಾನೇನು ಅವನ ಅಭಿಮಾನಿಯೇ? ಕತ್ತರಿಸಿದ್ದಕ್ಕೇ ಅವನ ಬರಹಕ್ಕೆ ಮೊನೆ ಬಂದದ್ದು. ಇದನ್ನು ಯಾರಾದರೂ ಹೇಳಿದ್ದಾರಾ? ಇಲ್ಲ.

ಮಾರ್ಚ್ 8, ಶನಿವಾರ

ಮಹಾಶಯ ಕೊನೇವರೆಗೂ ಕೈಯಲ್ಲೇ ಬರೆದವನು. ಒಂದು ಪ್ರತಿ ಆಫೀಸಿಗೆ, ಒಂದು ಮನೆಗೆ. ಮೊದಲು ಕಾರ್ಬನ್, ಆಮೇಲೆ ಜೆರಾಕ್ಸ್. ಆಫೀಸಿನದು ರದ್ದಿಗೆ ಹೋಯಿತು. ಮನೆಯದು ಇರಬಹುದು. ಆ ಅಂಕಣದ ಕೈಬರಹ ಸಿಕ್ಕಿದರೆ, ಅದರಲ್ಲಿ ಆ ವಾಕ್ಯ ಇರುವುದಿಲ್ಲ. ಅದೊಂದು ಹಾಳೆ ಸಾಕು. ಸಂಪಾದಕನ ಟೇಬಲ್ ಮೇಲೆ ಇಟ್ಟು ಸುಮ್ಮನೆ ನಿಲ್ಲುತ್ತೇನೆ. ಮಗಳಿಗೆ ಒಂದು ಫೋಟೋ ಕಳಿಸುತ್ತೇನೆ. ಹಿತ್ತಾಳೆ ಅಕ್ಷರ ಇನ್ನೂ ಎರಕಕ್ಕೆ ಹೋಗಿಲ್ಲವಂತೆ.

ಇವಳಿಗೆ ಹೇಳಿದೆ.

"ಸತ್ತೋರ ಮೇಲೆ ಏನ್ರೀ ಜಿದ್ದು?"

"ಜಿದ್ದಲ್ಲ, ನ್ಯಾಯ."

"ನ್ಯಾಯ ಕೇಳೋರ ಮುಖ ಹೀಗಿರಲ್ಲ. ಕನ್ನಡಿ ನೋಡ್ಕೊಳ್ಳಿ ಒಂದ್ಸಲ."

ನೋಡಿಕೊಳ್ಳಲಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3

ಮಹಾಶಯನ ಮನೆಗೆ ಹೋಗಿ ಬಂದೆ. ಅವನ ಹೆಂಡತಿಯನ್ನು ಮೊದಲಿನಿಂದ ಅತ್ತಿಗೆ ಅಂತಲೇ ಕರೆದು ಅಭ್ಯಾಸ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾಗಿಲು ತೆಗೆದವರು ಕೈ ಮುಗಿದರು. ನನಗೆ! ವಯಸ್ಸಿನಲ್ಲಿ ದೊಡ್ಡವರು. ಇರುಸುಮುರುಸಾಯಿತು.

"ನೀವು ಬರ್ತೀರಿ ಅಂತ ಗೊತ್ತಿತ್ತು. ನಿಮಗಲ್ದೆ ಬೇರೆಯವರಿಗೆ ಕೊಡ್ತಿರ್ಲಿಲ್ಲ ನಾನು" ಅಂದರು.

ಅವನ ಕೋಣೆ. ಇಪ್ಪತ್ತೆಂಟು ವರ್ಷದಲ್ಲಿ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಕಿಟಕಿಗೆ ಎದುರಾಗಿ ಟೇಬಲ್. ಕಿಟಕಿಯಾಚೆ ಮರ. ನನ್ನ ಟೇಬಲ್ ಎದುರಿಗೆ ನೀರಿನ ಫಿಲ್ಟರು ಇದೆ. ಓದುಗರ ಪತ್ರ ವರ್ಷಕ್ಕೊಂದು ಕಟ್ಟು, ದಾರ ಕಟ್ಟಿ ಇಟ್ಟಿದ್ದಾನೆ. ನನಗೆ ಓದುಗರಿಂದ ಬಂದದ್ದು ಒಂದೇ ಪತ್ರ, ಪದಬಂಧದ ಉತ್ತರ ತಪ್ಪಾಗಿದೆ ಅಂತ. ಕುರ್ಚಿಯಲ್ಲಿ ಕೂತು ನೋಡಿದೆ. ನಾಲ್ಕೂ ಕಾಲು ಸರಿಯಾಗಿವೆ. ಇಂಥ ಕುರ್ಚಿ, ಇಂಥ ಕಿಟಕಿ ಕೊಟ್ಟಿದ್ದರೆ ನಾನೂ ಬರೆಯುತ್ತಿದ್ದೆ — ಅನ್ನಿಸಿತು. ಕೂಡಲೇ ನಾಚಿಕೆಯೂ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಚಪ್ಪಲಿ ಬಾಕ್ಸುಗಳಲ್ಲಿ ಕೈಬರಹದ ಪ್ರತಿಗಳು. ವರ್ಷಕ್ಕೊಂದು ಬಾಕ್ಸು, ಮೇಲೆ ಅತ್ತಿಗೆಯ ಅಕ್ಷರ. ಎಲ್ಲವನ್ನೂ ಟ್ಯಾಕ್ಸಿಯಲ್ಲಿ ತಂದೆ. ಹೊರಡುವಾಗ ಮತ್ತೆ ಕೈ ಮುಗಿದರು. ಯಾಕೆ?

ಮಾರ್ಚ್ 12, ಬುಧವಾರ. ಬೆಳಿಗ್ಗೆ 6.30

ಸಿಕ್ಕಿತು!!

ಆರು ಹಾಳೆ. ನೀಲಿ ಕಾರ್ಬನ್ನು. ಕಡೇ ಹಾಳೆಯಲ್ಲಿ ಮಂತ್ರಿಯ ಬಗ್ಗೆ ಒಂದು ಸಪ್ಪೆ ಸಾಲು, ಆಮೇಲೆ ಸಹಿ. ಕುರ್ಚಿಯೂ ಇಲ್ಲ, ಕಾಲೂ ಇಲ್ಲ. ಮೂರು ಸಲ ಓದಿದೆ. ಅಡಿಗೆಮನೆಗೆ ಹೋಗಿ ಇವಳಿಗೆ ತೋರಿಸಿದೆ. ಕೈ ಒದ್ದೆ ಇತ್ತು, ಮುಟ್ಟದೆ ಓದಿದಳು. "ಹೌದಲ್ರೀ" ಅಂದಳು. ಆ 'ಹೌದಲ್ರೀ' ಕೇಳಲು ಇಪ್ಪತ್ತೆರಡು ವರ್ಷ ಬೇಕಾಯಿತು.

ಈಗಲೇ ಸಂಪಾದಕನಿಗೆ ತೋರಿಸುವುದೋ, ಇನ್ನೂ ಒಂದೆರಡು ಸಾಕ್ಷಿ ಕೂಡಿಸಿಕೊಳ್ಳುವುದೋ. ಅವಸರ ಬೇಡ. ಮಿಕ್ಕ ಬಾಕ್ಸುಗಳನ್ನೂ ಜಾಲಾಡುತ್ತೇನೆ.

ಮಾರ್ಚ್ 13, ಗುರುವಾರ. ಬೆಳಿಗ್ಗೆ

ಬೇರೆ ಏನೋ ಸಿಕ್ಕಿದೆ. ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 2

ವಾರವಾಯಿತು. ಬರೆದು ಮುಗಿಸುತ್ತೇನೆ.

ಆ ವಾಕ್ಯಕ್ಕೆ ಹತ್ತು ವರ್ಷ ತುಂಬಿದಾಗ ಮಹಾಶಯ ಒಂದು ಅಂಕಣ ಬರೆದಿದ್ದ. ಕೈಬರಹದ ಕೊನೆಯ ಪ್ಯಾರಾ ಹೀಗಿದೆ, ಹಾಗೇ ಇಳಿಸುತ್ತೇನೆ: "ಕುರ್ಚಿಯ ಕಾಲಿನ ಮಾತು ನನ್ನದೆಂದು ಜನ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಅದು ನನ್ನದಲ್ಲ. ಆ ಸಂಜೆ ಡೆಸ್ಕಿನಲ್ಲಿದ್ದವರು ಬರೆದದ್ದು." ಮುಂದೆ ನನ್ನ ಹೆಸರು. ಇನಿಷಿಯಲ್ ಸಮೇತ, ಪೂರ್ತಿ.

ಏಳು ಸಾಲು.

ಹದಿನೈದನೇ ವರ್ಷದ ಬಾಕ್ಸು ತೆಗೆದೆ. ಮತ್ತೆ ಅದೇ. ಮತ್ತೆ ಕೊನೆಯ ಪ್ಯಾರಾ, ಮತ್ತೆ ನನ್ನ ಹೆಸರು, ಈ ಸಲ ಸ್ವಲ್ಪ ಖಾರವಾಗಿ: "ಹಿಂದೆಯೂ ಬರೆದಿದ್ದೆ, ಅಚ್ಚಾಗಲಿಲ್ಲ."

ಆಫೀಸಿನ ಲೈಬ್ರರಿಗೆ ಹೋಗಿ ಫೈಲು ನೋಡಿದೆ. ಎರಡೂ ಅಚ್ಚಾದ ಅಂಕಣದಲ್ಲಿ ಆ ಪ್ಯಾರಾ ಇಲ್ಲ. ಯಾರು ತೆಗೆದದ್ದು? ಅವತ್ತು ನಾನು ರಜೆಯಲ್ಲಿದ್ದಿರಬಹುದು ಅಂತ ಒಂದು ಆಸೆ. ಬೇರೆ ಯಾವನೋ ಅಯೋಗ್ಯ... ಮನೆಗೆ ಬಂದು ಹಳೇ ಡೈರಿ ಹುಡುಕಿದೆ. ಆ ಬುಧವಾರ, ನನ್ನದೇ ಅಕ್ಷರ: 'ಮಹಾಶಯನ ಏಳು ಸಾಲು ಎಂದಿನಂತೆ ಹಾರಿಸಿದೆ. ತಲೆನೋವು.' ಇನ್ನೊಂದು ಬುಧವಾರವೂ ಅದೇ, ತಲೆನೋವು ಬಿಟ್ಟು.

ಕೈಯಾರೆ. ನನ್ನ ಹೆಸರಿನ ಮೇಲೆ ನಾನೇ ಗೆರೆ ಎಳೆದಿದ್ದೇನೆ. ಎರಡು ಸಲ.

ಮೊದಲ ದಿನ ಪೂರ್ತಿ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಎರಡನೇ ದಿನ ಬುದ್ಧಿ ಕೆಲಸ ಮಾಡಿತು. ನನ್ನ ಬುದ್ಧಿ ಯಾವ ಕಡೆ ಓಡುತ್ತದೆಂದು ಗೊತ್ತೇ ಇದೆ. ಅವನಿಗೆ ಗೊತ್ತಿತ್ತು. ನಾನು ಓದದೆ ಕತ್ತರಿಸುತ್ತೇನೆ ಅಂತ ಗೊತ್ತಿದ್ದೇ ಅಲ್ಲಿ ಇಟ್ಟ. ತಪ್ಪೊಪ್ಪಿಕೊಂಡ ಪುಣ್ಯವೂ ಅವನಿಗೆ, ವಾಕ್ಯದ ಹೆಸರೂ ಅವನಿಗೆ. ಖರ್ಚಿಲ್ಲದ ದಾನ. ನಿಜವಾಗಿ ಹೇಳಬೇಕಿದ್ದರೆ ಮೊದಲ ಪ್ಯಾರಾದಲ್ಲಿ ಹೇಳಬಹುದಿತ್ತಲ್ಲ? ಹತ್ತು ಹೆಜ್ಜೆ ನಡೆದು ನನ್ನ ಟೇಬಲ್ಲಿಗೆ ಬರಬಹುದಿತ್ತಲ್ಲ?

ಹೀಗೆ ಯೋಚಿಸಿದಾಗ ಹಾಯೆನಿಸಿತು. ಒಂದೆರಡು ಗಂಟೆ.

ಮಾರ್ಚ್ 21, ಶುಕ್ರವಾರ. ಸಂಜೆ 6

ಅತ್ತಿಗೆಯ ಮನೆಗೆ ಹೋದೆ. ಕೇಳಿಯೇಬಿಡೋಣ ಅಂತ. ಎರಡು ಹಾಳೆಯನ್ನೂ ಟೀಪಾಯಿಯ ಮೇಲೆ ಇಟ್ಟೆ. ಬಾಯಿ ತೆರೆಯಲು ಬಿಡಲಿಲ್ಲ ಅವರು.

"ನೋಡಿದ್ರಾ? ನೀವು ಬೇಡ ಬೇಡ ಅಂದ್ರೂ ಬಿಡ್ಲಿಲ್ಲ ಇವರು. ಪೇಪರ್ ಬಂದ ಕೂಡ್ಲೇ ಓದೋರು — 'ನೋಡೇ, ಮತ್ತೆ ಹೊಡೆದು ಹಾಕ್ಬಿಟ್ರು. ತಮ್ಮ ಹೆಸರನ್ನ ತಾವೇ ಹೊಡೆದು ಹಾಕೋರನ್ನ ನಾನು ನನ್ ಜನ್ಮದಲ್ಲಿ ನೋಡಿಲ್ಲ' ಅನ್ನೋರು. ದಿನಾ ರಾಜಕಾರಣಿಗಳ ಜೊತೆ ಇದ್ದೋರಲ್ವಾ, ಹೆಸರು ಬೇಡ ಅನ್ನೋ ಮನುಷ್ಯನ್ನ ಕಂಡ್ರೆ ಇವರಿಗೆ ಒಂಥರಾ ಭಯ, ಒಂಥರಾ ಗೌರವ. ನಮ್ ಮಗನಿಗೂ ಹೇಳೋರು, 'ಅವರನ್ನ ನೋಡಿ ಕಲಿ' ಅಂತ."

ಅದಕ್ಕೇ ಕೈ ಮುಗಿದದ್ದು.

ನಾನು ಏನಂದೆ? ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದೂ ವಿನಯದ ಹಾಗೇ ಕಂಡಿರಬೇಕು.

"ಸಂಪಾದಕರಿಗೆ ನಿನ್ನೆ ಫೋನ್ ಮಾಡಿ ಎಲ್ಲಾ ಹೇಳಿದೀನಿ. ಗೋಡೆ ಮೇಲೆ ನಿಮ್ಮ ಹೆಸರೇ ಬರ್ಬೇಕು. ಇನ್ನು ನಿಮ್ಮ ಮಾತು ನಾನು ಕೇಳಲ್ಲ" ಅಂದರು. ಕಣ್ಣಲ್ಲಿ ನೀರು.

ಮಾರ್ಚ್ 23, ಭಾನುವಾರ

ನಿನ್ನೆ ಆಫೀಸಿನಲ್ಲಿ ನಾನು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತರು. ನಿಜಕ್ಕೂ. ಸಂಪಾದಕ ಟೇಬಲ್ ಸುತ್ತಿ ಬಂದು ಕೈ ಹಿಡಿದುಕೊಂಡ. "ಸಾರ್, ಇಷ್ಟು ವರ್ಷ ಒಂದ್ ಮಾತೂ ಆಡ್ಲಿಲ್ವಲ್ಲ ನೀವು!" ಆಡಿದ್ದೆನಪ್ಪ, ಊಟದ ಹೊತ್ತು. ಡೆಸ್ಕಿನವರೆಲ್ಲ ನಕ್ಕರು. ಅದನ್ನು ಹೇಳಲಿಲ್ಲ. ಹಿತ್ತಾಳೆಯಲ್ಲಿ ನನ್ನ ಹೆಸರು ಎರಕಕ್ಕೆ ಹೋಗಿದೆ. ಏಪ್ರಿಲ್ ಆರರ ಸಮಾರಂಭದಲ್ಲಿ ನನಗೆ ಸನ್ಮಾನ. ಆಮಂತ್ರಣದಲ್ಲಿ 'ಹೆಸರು ಬೇಡವೆಂದವರು' ಅಂತ ಹಾಕಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ ನನಗೇ ತೋರಿಸಿದರು. ಒಂದು ಅಲ್ಪವಿರಾಮ ತಿದ್ದಿದೆ, ಮಿಕ್ಕಿದ್ದು ಬಿಟ್ಟೆ.

ಮಗಳಿಗೆ ಫೋನ್ ಮಾಡಿದೆ. ಅತ್ತಳು. "ಸಾರಿ ಅಪ್ಪಾ" ಅಂದಳು, ಒಂಬತ್ತನೇ ಕ್ಲಾಸಿನದಕ್ಕೆ.

ಇದೇ ತಾನೇ ನಾನು ಬಯಸಿದ್ದು? ಬಯಸಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿದೆ. ಕ್ರೀಡಾಪುಟದವನ ಮುಖದಲ್ಲಿ ನನ್ನ ಮೇಲೆ ಹೊಟ್ಟೆಕಿಚ್ಚು ಕಂಡಿತು. ಅದು ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲವೇ? ದೂರದಿಂದಲೇ ಗುರುತು ಹಿಡಿದೆ. ಖುಷಿಯಾಯಿತು ಅಂತ ಬರೆಯಲು ನಾಚಿಕೆ, ಆದರೆ ಆಯಿತು.

ಮಾರ್ಚ್ 26, ಬುಧವಾರ. ಬೆಳಿಗ್ಗೆ 11

ಪ್ರೂಫ್ ಅಕ್ಕನ ಫೋನು. ಆರನೇ ಪುಟದ ಪ್ರೂಫು ನೋಡುತ್ತಿದ್ದವರು, ರಿಟೈರಾಗಿ ಆರು ವರ್ಷ. ಆಮಂತ್ರಣ ತಲುಪಿದೆ.

"ಹೆಸರು ಬೇಡವೆಂದವರು! ಏನಯ್ಯಾ ಇದು?" ನಗು. "ನೀನು ಯಾವತ್ತು ಅವರ ಕಡೇ ಪ್ಯಾರಾ ಓದಿದ್ದೆ? ಟೀ ಲೋಟ ಒಂದ್ ಕೈಲಿ, ಪೆನ್ನು ಒಂದ್ ಕೈಲಿ, ಸರ್‍ರಂತ ಗೆರೆ. 'ಒಂದ್ಸಲ ಓದಯ್ಯಾ' ಅಂದ್ರೆ 'ಓದಿದ್ರೆ ಮೈ ಉರಿಯುತ್ತೆ ಅಕ್ಕಾ' ಅಂತಿದ್ದೆ."

"ಯಾರಿಗಾದ್ರೂ ಹೇಳಿದ್ರಾ?"

"ನಾನ್ಯಾಕಪ್ಪಾ ಹೇಳ್ಲಿ. ಸನ್ಮಾನ ಮಾಡಿಸ್ಕೊ. ಬಿಸ್ಕತ್ತು ಕೊಡ್ತಾರೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಇಟ್ಟ ಮೇಲೂ ಫೋನನ್ನೇ ನೋಡುತ್ತಾ ಕೂತಿದ್ದೆ.

ಮಾರ್ಚ್ 28, ಶುಕ್ರವಾರ

ಹೊಸ ಪೀಡೆ ಗಂಟುಬಿದ್ದಿದೆ. ಇನ್ನೊಬ್ಬನ ಮೇಲೆ ಹೊಟ್ಟೆಕಿಚ್ಚು.

ಅತ್ತಿಗೆ ಹೊಗಳುತ್ತಾರಲ್ಲ, ಆ ಮನುಷ್ಯ. ಮಹಾಶಯ ತನ್ನ ಮಗನಿಗೆ 'ನೋಡಿ ಕಲಿ' ಅಂತ ತೋರಿಸಿದವನು. ಹೆಸರು ಬಾಗಿಲಿಗೆ ಬಂದರೂ ಬೇಡ ಅಂದವನು, ಸದ್ದಿಲ್ಲದೆ ಕೆಲಸ ಮಾಡಿ ಮನೆಗೆ ಹೋದವನು. ಹೆಸರು ನನ್ನದೇ, ಇನಿಷಿಯಲ್ಲೂ ನನ್ನದೇ. ಆದರೆ ಅವನು ನಾನಲ್ಲ. ಮಹಾಶಯ ಮೆಚ್ಚಿಕೊಂಡು ಸತ್ತದ್ದು ಅವನನ್ನು. ಸನ್ಮಾನ ಅವನಿಗೆ. ಗೋಡೆ ಅವನಿಗೆ. ನಾನು ಇಲ್ಲಿ, ಡೆಸ್ಕಿನಲ್ಲಿ, ಮತ್ತೆ ಬೇರೆಯವನ ಫೋಟೋದ ಕೆಳಗೆ ತಲೆಬರಹ ಬರೆಯುತ್ತಾ...

ಇವಳಿಗೆ ಎಲ್ಲಾ ಹೇಳಿದೆ. ಓದದೆ ಕತ್ತರಿಸಿದ್ದು, ಹಳೇ ಡೈರಿ, ಎಲ್ಲಾ. ಬಟ್ಟೆ ಮಡಿಸುತ್ತಿದ್ದಳು. ಕಡೇ ಬಟ್ಟೆಯನ್ನೂ ಮಡಿಸಿಟ್ಟಳು.

"ಅತ್ತಿಗೆಗೆ ಹೇಳಿ."

"ಹೇಳಿದ್ರೆ ಎಲ್ಲಾ ಹೋಗುತ್ತೆ."

"ವಾಕ್ಯ ಎಲ್ಲೋಗುತ್ತೆ? ಅದು ನಿಮ್ದೇ ಅಲ್ವಾ. ಹೋಗೋದು ನಿಮ್ದಲ್ದೇ ಇರೋದು."

ಮಾರ್ಚ್ 29, ಶನಿವಾರ. ಮಧ್ಯಾಹ್ನ

ಹೇಳಿದೆ.

ಅದೇ ಟೀಪಾಯಿ, ಅದೇ ಎರಡು ಹಾಳೆ. "ಅತ್ತಿಗೆ, ನಾನು ವಿನಯಕ್ಕೆ ಕತ್ತರಿಸಲಿಲ್ಲ. ಓದಲೇ ಇಲ್ಲ. ಒಂದ್ಸಲಾನೂ ಓದಲಿಲ್ಲ. ಅವರನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ."

ಅವರು ಎರಡೂ ಹಾಳೆ ಕೈಗೆತ್ತಿಕೊಂಡರು.

"ಒಂದ್ಸಲಾನೂ?"

"ಇಲ್ಲ."

"ಪ್ರತಿ ವಾರ?"

"ಪ್ರತಿ ವಾರ."

"ಅವರು ಆ ಕಡೇ ಪ್ಯಾರಾಗೆ ಅರ್ಧ ದಿನ ಕೂರ್ತಿದ್ರು" ಅಂದರು. ಎದ್ದು ಒಳಗೆ ಹೋದರು. ಕಾದೆ. ಬರಲಿಲ್ಲ. ಟೀ ಕೊಡದೆ ಆ ಮನೆಯಿಂದ ಯಾರನ್ನೂ ಕಳಿಸಿದ್ದಿಲ್ಲ. ನಾನೇ ಬಾಗಿಲು ಎಳೆದುಕೊಂಡು ಬಂದೆ.

ಏಪ್ರಿಲ್ 2, ಬುಧವಾರ

ಅತ್ತಿಗೆಯ ಫೋನಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ಸಂಪಾದಕನಿಗೂ ಏನೂ ಹೇಳಿದ ಹಾಗಿಲ್ಲ, ಅವನು ಈಗಲೂ ಎದ್ದು ನಿಲ್ಲುತ್ತಾನೆ. ನಿಂತಾಗಲೆಲ್ಲ ಕೂರಯ್ಯಾ ಅಂತ ಗದರಬೇಕು ಅನ್ನಿಸುತ್ತದೆ.

ಪುಸ್ತಕ ಅಚ್ಚಿಗೆ ಹೋಯಿತು. ನಾನು ಕತ್ತರಿಸಿದ್ದ ಕೊನೆಯ ಪ್ಯಾರಾಗಳನ್ನೆಲ್ಲ ವಾಪಸ್ ಸೇರಿಸಿದೆ. ಹಾಗಾಗಿ ನೂರೂ ಓದಬೇಕಾಯಿತು. ಬರೀ ಜೊಳ್ಳು ಇರುತ್ತದೆ ಅಂತ ಆಸೆಯಿಂದ ಓದಿದೆ. ಕೆಲವು ಜೊಳ್ಳೇ. ಹೆಚ್ಚಿನವು ಅಲ್ಲ. ಚುನಾವಣೆಯಲ್ಲಿ ಸೋತವನ ಮನೆಯ ಅಂಗಳದ ಬಗ್ಗೆ ಒಂದು ಇದೆ — ಬಾಡಿಗೆಗೆ ತಂದ ಕುರ್ಚಿಗಳನ್ನು ಲಾರಿಗೆ ಏರಿಸುತ್ತಿದ್ದಾರೆ, ಆ ಮನೆಯ ಮಗು ಒಂದು ಕುರ್ಚಿ ಹಿಡಿದುಕೊಂಡು ಬಿಡುತ್ತಿಲ್ಲ. ಅದನ್ನೂ ಕತ್ತರಿಸಿದ್ದೇನೆ. ಹಾಳಾದವನು, ಎಷ್ಟು ಚೆನ್ನಾಗಿ ಬರೆದಿದ್ದಾನೆ.

ಏಪ್ರಿಲ್ 5, ಶನಿವಾರ. ಸಂಜೆ 5

ಅತ್ತಿಗೆಯ ಫೋನು. ಧ್ವನಿ ಒಣಗಿತ್ತು.

"ನಾಳೆ ನಿಮ್ಮ ಬಗ್ಗೆ ನಾನು ಮಾತಾಡ್ಬೇಕು ಅಂತಿತ್ತು. ನಾನು ಮಾತಾಡಲ್ಲ. ನಂಗೆ ಹೇಳಿದ್ದನ್ನ ನೀವೇ ಅಲ್ಲಿ ಹೇಳಿ. ನಾನು ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ."

"ಆಯ್ತು ಅತ್ತಿಗೆ."

"ಹೇಳ್ದೇ ಇದ್ರೂ ನಾನೇನೂ ಎದ್ದು ಕೂಗಲ್ಲ. ಅದನ್ನೂ ಹೇಳಿರ್ತೀನಿ."

ಇದು ಇನ್ನೂ ಕಷ್ಟ. ಮಗಳು ಬೆಳಗಿನ ಬಸ್ಸಿಗೆ ಬರುತ್ತಾಳೆ. ಅವಳ ಎದುರಿಗೇ ಆಗಬೇಕು.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ 3.15

ಮನೆಗೆ ಬಂದೆ. ಊಟ ಬೇಡ ಅಂದೆ. ಬರೆದು ಮುಗಿಸಿಬಿಡುತ್ತೇನೆ.

ಸಭಾಂಗಣ ತುಂಬಿತ್ತು. ಪರದೆ ಎಳೆದರು. ಹಿತ್ತಾಳೆ ಫಳಫಳ. ವಾಕ್ಯ, ಕೆಳಗೆ ನನ್ನ ಹೆಸರು. ಚಪ್ಪಾಳೆ. ಮಗಳು ಫೋಟೋ ತೆಗೆದಳು. ಪ್ರೂಫ್ ಅಕ್ಕ ಕಡೇ ಸಾಲಿನಿಂದ ಕೈ ಬೀಸಿದರು. ಸಂಪಾದಕ ಫಲಕ ಕೈಗಿಟ್ಟು ಎರಡು ಮಾತಾಡಿ ಅಂದ.

ಫಲಕ ಕೆಳಗಿಟ್ಟೆ. ಹೇಳಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾಕ್ಯ ನನ್ನದು. ವಿನಯ ನನ್ನದಲ್ಲ. ಅವರು ಕೊಟ್ಟರು, ನಾನು ಓದದೆ ಕತ್ತರಿಸಿದೆ. ಓದದಿರಲು ಕಾರಣ ಹೊಟ್ಟೆಕಿಚ್ಚು. ಇಪ್ಪತ್ತೆಂಟು ವರ್ಷ ಒಬ್ಬರ ಪಕ್ಕ ಕೂತು, ಅವರು ನನಗೆ ಬರೆದದ್ದನ್ನು ನಾನು ನೋಡಲಿಲ್ಲ.

ಯಾರೋ ಒಬ್ಬ ನಕ್ಕ, ಜೋಕು ಅಂದುಕೊಂಡು. ಸಂಪಾದಕ ನೆಲ ನೋಡಿದ. ಮಗಳು ಫೋನು ಕೆಳಗಿಳಿಸಿದ್ದಳು. ಅವಳ ಕಡೆ ನೋಡಲು ಧೈರ್ಯ ಬರಲಿಲ್ಲ.

ಅತ್ತಿಗೆ ಎದ್ದರು. ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಕೈಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

"ಇಪ್ಪತ್ತನೇ ವರ್ಷದ್ದು. ಇದೂ ಆಫೀಸಿಗೆ ಬಂದಿತ್ತು, ಇದನ್ನೂ ನೀವು ಕತ್ತರಿಸಿದ್ರಿ. ಬಾಕ್ಸಲ್ಲಿ ಇಟ್ಟಿರ್ಲಿಲ್ಲ ನಾನು. ಇವರನ್ನ ಇಷ್ಟು ಚಿಕ್ಕೋರಾಗಿ ಜನಕ್ಕೆ ತೋರ್ಸೋಕೆ ಮನಸ್ಸು ಬರ್ಲಿಲ್ಲ" ಅಂದರು. "ಮೈಕಲ್ಲೇ ಓದಿ. ಕಡೇ ತನಕ ಓದಿ."

ಓದಿದೆ.

"ನಲವತ್ತು ವರ್ಷ ಬರೆದೆ. ಜನ ನೆನಪಿಟ್ಟುಕೊಂಡಿರುವುದು ಒಂದೇ ವಾಕ್ಯ. ಅದೂ ನನ್ನದಲ್ಲ, ಡೆಸ್ಕಿನವರದು. ಎರಡು ನಿಮಿಷದಲ್ಲಿ ಬರೆದರಂತೆ. ಅವರ ಮುಂದೆ ನಿಂತು ಇದನ್ನು ಹೇಳಲು ಹೋಗಿ, ಏನೋ ತಮಾಷೆ ಮಾಡಿ ಬಂದುಬಿಟ್ಟೆ. ಅಂದಿನಿಂದ ಪ್ರತಿ ವಾರ ಏಳು ಸಾಲು ಹೆಚ್ಚಿಗೆ ಬರೆಯುತ್ತೇನೆ, ಮತ್ತೊಮ್ಮೆ ಅವರಿಗೆ ಎರಡು ಸಾಲಿನ ಜಾಗ ಸಿಗದಿರಲಿ ಎಂದು. ಅಸೂಯೆ ಎಂದರೆ ಇದೇ ಇರಬೇಕು. ಇದನ್ನಾದರೂ ಅವರು ಕತ್ತರಿಸದೆ ಬಿಟ್ಟರೆ ನನಗೆ ನೆಮ್ಮದಿ."

ಕಡೇ ಸಾಲನ್ನೂ ಓದಿ ಮುಗಿಸಿದೆ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು. ಹೋಗಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅವನಿಗೆ! ನನ್ನ ಮೇಲೆ! ಆ ಕಿಟಕಿ, ಆ ಪತ್ರದ ಕಟ್ಟುಗಳ ನಡುವೆ ಕೂತು, ವಾರವಾರ. ಅನ್ನಿಸಲಿಲ್ಲ. ಎದ್ದು ಹತ್ತು ಹೆಜ್ಜೆ ನಡೆದು ಅವನ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಇಬ್ಬರೂ ನಕ್ಕು ನಕ್ಕು ಸುಸ್ತಾಗುವ ಮಾತು. ಎದುರಿಗೆ ಕೂತು ಟೀ ಕುಡಿಯುತ್ತಾ ಹೇಳಬೇಕಾದ ಮಾತು. ಅಯ್ಯೋ ಮಾರಾಯಾ, ಮೊದಲೇ ಹೇಳಬಾರದಿತ್ತೇ, ನನಗೂ —